ನೇಗಿಲಿನಿಂದ ಯಂತ್ರಾಪುರದವರೆಗೆ: ಲಕ್ಷ್ಮಣರಾವ್ ಕಿರ್ಲೋಸ್ಕರರ ಕಾಯಕಜೀವನ



ಶರಣರ, ಶಿವಾಚಾರ್ಯರ, ದಾಸೋಹಮೂರ್ತಿಗಳ ಜೀವನಚರಿತ್ರೆಗಳನ್ನು ನಾವು ಇಲ್ಲಿ ನಿಮ್ಮ ಮುಂದಿರಿಸುತ್ತ ಬಂದಿದ್ದೇವೆ. ಈ ಬಾರಿ ಆಯ್ದುಕೊಂಡಿರುವ ಮಹನೀಯರು ನಮ್ಮ ಸಮಾಜದಲ್ಲಿ ಜನಿಸಿದವರಲ್ಲ. ಇಷ್ಟಲಿಂಗವನ್ನು ಧರಿಸಿದವರೂ ಅಲ್ಲ. ಆದರೆ ಅಣ್ಣ ಬಸವಣ್ಣನವರು ಕಾಯಕವನ್ನು ಒಂದು ಜಾತಿಯ ಸೊತ್ತಾಗಿ ಕೊಡಲಿಲ್ಲ. ಕೈಯಲ್ಲಿ ಕೆಲಸವನ್ನೂ ಮನಸ್ಸಿನಲ್ಲಿ ಶುದ್ಧಿಯನ್ನೂ ಇರಿಸಿಕೊಂಡು ಬಾಳಿದ ಯಾರ ಚರಿತ್ರೆಯೇ ಆಗಲಿ, ಅದು ಶರಣರ ಅಂಗಳದಲ್ಲಿ ಹೇಳಲು ತಕ್ಕ ಚರಿತ್ರೆಯೆಂದೇ ನಮ್ಮ ಭಾವನೆ. ಕನ್ನಡ ನೆಲದ ಒಂದು ಚಿಕ್ಕ ಹಳ್ಳಿಯಲ್ಲಿ ಹುಟ್ಟಿ, ಕಬ್ಬಿಣದ ನೇಗಿಲಿನಿಂದ ಆರಂಭಿಸಿ, ಭಾರತದ ಯಂತ್ರೋದ್ಯಮಕ್ಕೆ ತಳಹದಿ ಹಾಕಿದವರಲ್ಲಿ ಒಬ್ಬರಾದ ಲಕ್ಷ್ಮಣರಾವ್ ಕಾಶೀನಾಥ ಕಿರ್ಲೋಸ್ಕರರ ಬಾಳು ಅಂಥದು.

ಇದನ್ನು ಈಗ ಬರೆಯಲು ಕಾರಣವೂ ಇದೆ. ಬಸರೀಕಟ್ಟೆ, ಜಯಪುರ, ಕೊಪ್ಪ, ನರಸಿಂಹರಾಜಪುರ, ಬಾಳೆಹೊನ್ನೂರು ಭಾಗಗಳಿಂದ ಶ್ರೀಮಠಕ್ಕೆ ಬರುವ ತಂದೆತಾಯಿಗಳು ಪರೀಕ್ಷೆಯ ಫಲಿತಾಂಶದ ದಿನಗಳಲ್ಲಿ ಕೇಳುವ ಆಶೀರ್ವಾದ ಬಹುಮಟ್ಟಿಗೆ ಒಂದೇ ಬಗೆಯದು: ಮಗನಿಗೋ ಮಗಳಿಗೋ ಬೆಂಗಳೂರಿನಲ್ಲಿ ಕುರ್ಚಿಯ ಮೇಲೆ ಕುಳಿತು ಮಾಡುವ ಉದ್ಯೋಗ ದೊರೆಯಲಿ ಎಂಬುದು. ಅದು ತಪ್ಪಲ್ಲ. ಆದರೆ ಯಂತ್ರ ಕೆಲಸ ಕಲಿಯಲು ಹೊರಟ ಹುಡುಗನ ತಾಯಿ ಆ ಮಾತನ್ನು ನಾಲ್ಕು ಜನರ ಮುಂದೆ ಹೇಳಲು ಹಿಂಜರಿಯುವುದನ್ನು ಕಂಡಾಗ, ಕಾಯಕತತ್ವವನ್ನು ಎಂಟುನೂರು ವರ್ಷಗಳಿಂದ ಪೂಜಿಸುತ್ತಿರುವ ಸಮಾಜದಲ್ಲಿ ಈ ಸಂಕೋಚ ಎಲ್ಲಿಂದ ಬಂತು ಎಂಬ ಪ್ರಶ್ನೆ ನಮ್ಮನ್ನು ಕಾಡುತ್ತದೆ.

ಗುರ್ಲಹೊಸೂರಿನ ಬಾಲಕ

ಲಕ್ಷ್ಮಣರಾಯರು 1869ರ ಜೂನ್ 20ರಂದು ಬೆಳಗಾವಿ ಜಿಲ್ಲೆಯ ಸವದತ್ತಿಗೆ ಹೊಂದಿಕೊಂಡಿರುವ ಗುರ್ಲಹೊಸೂರಿನಲ್ಲಿ ಜನಿಸಿದರು. ತಂದೆ ಕಾಶೀನಾಥಪಂತರು ವೇದಾಂತದಲ್ಲಿ ಆಸಕ್ತರಾಗಿದ್ದವರು. ಮನೆಮಾತು ಮರಾಠಿಯಾದರೂ ಸುತ್ತಲಿನ ನೆಲ, ಹೊಲ, ಒಕ್ಕಲುತನವೆಲ್ಲ ಕನ್ನಡದ್ದು. ಅದೇ ಸವದತ್ತಿಯ ಸೀಮೆಯ ಶಿರಸಂಗಿಯಲ್ಲಿ ಆ ಕಾಲಕ್ಕೆ ನಮ್ಮ ಸಮಾಜದ ತ್ಯಾಗವೀರ ಲಿಂಗರಾಜ ದೇಸಾಯಿಯವರು ಬಾಳುತ್ತಿದ್ದರೆಂಬುದನ್ನು ಇಲ್ಲಿ ನೆನೆಯಬೇಕು. 1904ರಲ್ಲಿ ಧಾರವಾಡದಲ್ಲಿ ನಡೆದ ವೀರಶೈವ ಮಹಾಸಭೆಯ ಮೊದಲ ಅಧಿವೇಶನದ ಅಧ್ಯಕ್ಷರಾಗಿದ್ದ ದೇಸಾಯಿಯವರು ತಮ್ಮ ಸಂಸ್ಥಾನದ ಸಂಪತ್ತನ್ನು ಸಮಾಜದ ಬಡಮಕ್ಕಳ ವಿದ್ಯೆಗೆ ಮೀಸಲಿಟ್ಟು 1906ರಲ್ಲಿ ಲಿಂಗೈಕ್ಯರಾದರು. ಒಂದೇ ಸೀಮೆಯ ಈ ಇಬ್ಬರಲ್ಲಿ ಒಬ್ಬರು ಇದ್ದ ಸಂಪತ್ತನ್ನು ದಾಸೋಹ ಮಾಡಿದರು; ಇನ್ನೊಬ್ಬರು ಏನೂ ಇಲ್ಲದೆಡೆಯಿಂದ ದುಡಿಮೆಯನ್ನು ಹುಟ್ಟಿಸಿದರು. ದಾಸೋಹಕ್ಕೆ ಮೊದಲು ಕಾಯಕ ಬೇಕು, ಕಾಯಕದ ಕೊನೆಗೆ ದಾಸೋಹ ಬೇಕು. ಎರಡನ್ನೂ ಜೊತೆಗಿಟ್ಟು ನೋಡಿದರೆ ಶರಣಧರ್ಮದ ಚಿತ್ರ ಪೂರ್ಣವಾಗುತ್ತದೆ.

ಶಾಲೆಯ ಪಾಠದಲ್ಲಿ ಬಾಲಕ ಲಕ್ಷ್ಮಣನಿಗೆ ಆಸಕ್ತಿ ಕಡಿಮೆ. ಚಿತ್ರ ಬರೆಯುವುದು ಮತ್ತು ಯಂತ್ರಗಳನ್ನು ಬಿಚ್ಚಿ ನೋಡುವುದು, ಇವೆರಡೇ ಪ್ರೀತಿಯ ಕೆಲಸಗಳು. ಹಿರಿಯಣ್ಣ ರಾಮುಅಣ್ಣನವರ ನೆರವಿನಿಂದ ಮುಂಬಯಿಯ ಜೆ. ಜೆ. ಕಲಾಶಾಲೆಯನ್ನು ಸೇರಿದರು. ಅಲ್ಲಿ ಕೆಲವು ಬಣ್ಣಗಳನ್ನು ಗುರುತಿಸುವ ಶಕ್ತಿ ತಮ್ಮ ಕಣ್ಣಿಗೆ ಇಲ್ಲವೆಂಬುದು ತಿಳಿಯಿತು. ಚಿತ್ರಕಾರನಾಗಬೇಕೆಂದು ಹೊರಟವನಿಗೆ ಇದಕ್ಕಿಂತ ದೊಡ್ಡ ಆಘಾತ ಬೇರೆ ಇರಲಾರದು. ಅವರು ಕುಂಚವನ್ನು ಕೆಳಗಿಟ್ಟರು, ಆದರೆ ರೇಖೆಯನ್ನು ಬಿಡಲಿಲ್ಲ. ಬಣ್ಣವೇ ಬೇಡದ ಯಂತ್ರರೇಖಾಚಿತ್ರವನ್ನು ಕಲಿತು, ಮುಂಬಯಿಯ ವಿಕ್ಟೋರಿಯಾ ಜ್ಯೂಬಿಲಿ ತಾಂತ್ರಿಕ ಸಂಸ್ಥೆಯಲ್ಲಿ ಸಹಾಯಕ ಅಧ್ಯಾಪಕರಾದರು. ಬಿಡುವಿನ ವೇಳೆಯಲ್ಲಿ ಅಲ್ಲಿಯ ಕಾರ್ಯಾಗಾರದ ಯಂತ್ರಗಳನ್ನು ತಾವೇ ನಡೆಸಿ ಅಭ್ಯಾಸ ಮಾಡಿದರು. ಮುಂದೆ ನೂರಾರು ಕುಶಲಕರ್ಮಿಗಳನ್ನು ತರಬೇತುಗೊಳಿಸಿದ ಆ ಕೈ ಪಳಗಿದ್ದು ಹೀಗೆ.

ತಮಗೆ ಸಲ್ಲಬೇಕಾಗಿದ್ದ ಬಡ್ತಿ ಆಂಗ್ಲೋ-ಇಂಡಿಯನ್ ಒಬ್ಬರಿಗೆ ದೊರೆತಾಗ ಅವರು ಆ ಕೆಲಸಕ್ಕೆ ರಾಜೀನಾಮೆ ಕೊಟ್ಟರು. ತಿಂಗಳಿಗೊಮ್ಮೆ ತಪ್ಪದೆ ಬರುವ ಸಂಬಳವನ್ನು ತೊರೆದು ಬರುವುದು ಆ ಕಾಲದಲ್ಲಿಯೂ ಹುಡುಗಾಟವಾಗಿರಲಿಲ್ಲ. ಹೊಟ್ಟೆಪಾಡಿಗಾಗಿ ಇನ್ನೊಬ್ಬರ ಬಾಗಿಲಿಗೆ ಹೋಗುವುದಕ್ಕಿಂತ ಸ್ವಂತ ಕಾಯಕವನ್ನು ಕಟ್ಟುವುದೇ ಮೇಲೆಂದು ಅವರು ಬೆಳಗಾವಿಗೆ ಮರಳಿದರು.

ಸೈಕಲ್ ಅಂಗಡಿಯಿಂದ ನೇಗಿಲಿಗೆ

1888ರಲ್ಲಿಯೇ ಸೋದರರಿಬ್ಬರೂ ಕೂಡಿ ಬೆಳಗಾವಿಯಲ್ಲಿ ಸೈಕಲ್ ವ್ಯಾಪಾರವನ್ನು ಆರಂಭಿಸಿದ್ದರು. ಲಕ್ಷ್ಮಣರಾಯರು ಮುಂಬಯಿಯಲ್ಲಿ ಸೈಕಲ್ ಕೊಂಡು ಕಳಿಸುವುದು, ರಾಮುಅಣ್ಣನವರು ಇಲ್ಲಿ ಮಾರುವುದು, ಕೊಂಡವರಿಗೆ ಸವಾರಿಯನ್ನೂ ಕಲಿಸುವುದು. ಇಂದಿಗೂ ಬೆಳಗಾವಿಯ ಪೇಟೆಯಲ್ಲಿ ಕಿರ್ಲೋಸ್ಕರ ರಸ್ತೆ ಎಂಬ ಹೆಸರು ಉಳಿದಿದೆ. ಆದರೆ ಬೇರೆಯವರು ತಯಾರಿಸಿದ್ದನ್ನು ಮಾರುವುದರಲ್ಲಿ ಲಕ್ಷ್ಮಣರಾಯರಿಗೆ ತೃಪ್ತಿಯಿರಲಿಲ್ಲ. ಸುತ್ತಲೂ ಇದ್ದವರು ರೈತರು. ರೈತನಿಗೆ ಏನು ಬೇಕು ಎಂಬುದೇ ಅವರ ಮೊದಲ ಪ್ರಶ್ನೆಯಾಯಿತು. ಒಂದು ಚಿಕ್ಕ ಕಾರ್ಯಾಗಾರದಲ್ಲಿ ಮೇವು ಕತ್ತರಿಸುವ ಯಂತ್ರವನ್ನು ತಯಾರಿಸಿದರು. ಅನಂತರ ಕಬ್ಬಿಣದ ನೇಗಿಲನ್ನು ಕೈಗೆತ್ತಿಕೊಂಡರು.

ಇಲ್ಲಿಯೇ ಅವರ ನಿಜವಾದ ಪರೀಕ್ಷೆ ಎದುರಾಯಿತು. ತಲೆತಲಾಂತರದಿಂದ ಮರದ ನೇಗಿಲನ್ನು ಹೂಡಿದ ರೈತ, ಕಬ್ಬಿಣ ತಾಗಿದರೆ ಮಣ್ಣು ವಿಷವಾಗುತ್ತದೆಂದು ನಂಬಿದ್ದ. ಒಂದು ಬೆಳೆ ಹೋದರೆ ಒಂದು ವರ್ಷದ ಅನ್ನವೇ ಹೋಗುವ ಬಾಳಿನಲ್ಲಿ ಹೊಸದನ್ನು ಶಂಕಿಸುವುದು ಮೌಢ್ಯವಷ್ಟೇ ಅಲ್ಲ, ಆತ್ಮರಕ್ಷಣೆಯೂ ಹೌದು. ನೇಗಿಲುಗಳು ಮಾರಾಟವಾಗದೆ ಉಳಿದವು. ಮೊದಲ ಕೆಲವು ನೇಗಿಲುಗಳು ರೈತರ ಕೈ ಸೇರಲು ಎರಡು ವರ್ಷಗಳಷ್ಟು ಕಾಲ ಹಿಡಿಯಿತು. ಲಕ್ಷ್ಮಣರಾಯರು ರೈತನನ್ನು ಹಳಿಯುತ್ತ ಕೂರಲಿಲ್ಲ. ತಾವು ಮಾಡಿದ ವಸ್ತುವಿನಲ್ಲಿಯೂ ಕೊರತೆಯಿದೆಯೇ ಎಂದು ನೋಡಿದರು. ವಿದೇಶದ ಯಂತ್ರಶಾಸ್ತ್ರದ ಪತ್ರಿಕೆಗಳನ್ನು ತರಿಸಿ ಓದಿದರು. ಹೊಲದಲ್ಲಿ ಉತ್ತು ತೋರಿಸಿದರು. ಆಳವಾಗಿ ಬೇರುಬಿಟ್ಟ ಕರಿಕೆಯನ್ನು ಕಬ್ಬಿಣದ ನೇಗಿಲು ಬುಡಸಹಿತ ಮೇಲೆತ್ತುವುದನ್ನು ಕಣ್ಣಾರೆ ಕಂಡ ಮೇಲೆ ಕಪ್ಪುಮಣ್ಣಿನ ರೈತರ ಮನಸ್ಸು ನಿಧಾನವಾಗಿ ತಿರುಗಿತು. ಪ್ರಚಾರದಿಂದ ಆಗದ ಕೆಲಸವನ್ನು ಉತ್ತ ಹೊಲವೇ ಮಾಡಿತು.

ವ್ಯಾಪಾರ ಕುದುರುತ್ತಿರುವಾಗಲೇ ಮತ್ತೊಂದು ಸಂಕಟ ಬಂತು. ನಗರದ ಹೊಸ ಬಡಾವಣೆಗಾಗಿ ಕಾರ್ಯಾಗಾರದ ಜಾಗವನ್ನು ತೆರವು ಮಾಡಬೇಕೆಂದು ಬೆಳಗಾವಿಯ ಪೌರಸಭೆ ತಿಳಿಸಿತು. ಯಂತ್ರಗಳನ್ನು ಎಲ್ಲಿಗೆ ಒಯ್ಯುವುದು, ನಂಬಿ ಬಂದ ಕೆಲಸಗಾರರನ್ನು ಹೇಗೆ ಸಾಕುವುದು ಎಂಬುದು ತಿಳಿಯದ ಕಾಲ ಅದು.

ಹಾವು ಕಳ್ಳಿಗಳ ನಡುವೆ ಒಂದು ಊರು

ಆಗ ಕೈಹಿಡಿದವರು ಔಂಧ ಸಂಸ್ಥಾನದ ಅರಸರಾದ ಬಾಳಾಸಾಹೇಬ ಪಂತ ಪ್ರತಿನಿಧಿಯವರು. ಔಂಧದ ಯಮಾಯಿ ದೇವಿಯ ದೇವಾಲಯದ ಸಭಾಮಂಟಪವನ್ನು ಕಟ್ಟುವ ಕೆಲಸವನ್ನು ಲಕ್ಷ್ಮಣರಾಯರಿಗೆ ವಹಿಸಿದರು. ಬಳಿಕ ತಮ್ಮ ಸಂಸ್ಥಾನದಲ್ಲಿ ಕುಂಡಲ ರೋಡ್ ರೈಲುನಿಲ್ದಾಣದ ಬಳಿಯ 32 ಎಕರೆ ಬಂಜರು ಭೂಮಿಯನ್ನೂ ಬಡ್ಡಿಯಿಲ್ಲದ 10,000 ರೂಪಾಯಿ ಸಾಲವನ್ನೂ ಕೊಟ್ಟರು. ಕೊಟ್ಟ ಹಣಕ್ಕಿಂತ ದೊಡ್ಡದು ಅದರ ಹಿಂದಿದ್ದ ವಿಶ್ವಾಸ. ಯೋಗ್ಯನನ್ನು ಗುರುತಿಸಿ ಅವನ ಕಷ್ಟಕಾಲದಲ್ಲಿ ನಿಲ್ಲುವವರು ಇಲ್ಲದಿದ್ದರೆ ಎಷ್ಟೋ ಕಾಯಕಗಳು ಮೊಳಕೆಯಲ್ಲೇ ಒಣಗುತ್ತವೆ.

1910ರ ಮಾರ್ಚ್‌ನಲ್ಲಿ ಅಲ್ಲಿಗೆ ಬಂದವರು ಇಪ್ಪತ್ತೈದರಷ್ಟು ಕೆಲಸಗಾರರು ಮತ್ತು ಅವರ ಕುಟುಂಬಗಳು. ಆ ನೆಲದಲ್ಲಿ ಇದ್ದುದು ಕಳ್ಳಿ, ಕಲ್ಲು ಮತ್ತು ನಾಗರಹಾವುಗಳು. ಕುಡಿಯುವ ನೀರಿಗೂ ಪರದಾಟ. ಕಳ್ಳಿಯನ್ನು ಕಡಿದು, ನೆಲವನ್ನು ಸಮ ಮಾಡಿ, ತಗಡಿನ ಶೆಡ್ಡುಗಳನ್ನು ನಿಲ್ಲಿಸಿ, ಕುಲುಮೆಯನ್ನು ಹೊತ್ತಿಸಿದರು. ಊರಿನ ವ್ಯವಸ್ಥೆಯನ್ನು ರಾಮುಅಣ್ಣನವರು ವಹಿಸಿಕೊಂಡರು. ಯಂತ್ರವಿದ್ಯೆಗೆ ಶಂಭುರಾವ್ ಜಾಂಭೇಕರ್, ಲೆಕ್ಕಪತ್ರಕ್ಕೆ ಮಂಗೇಶರಾವ್ ರೇಗೆ ನಿಂತರು. ಲಕ್ಷ್ಮಣರಾಯರ ಮಡದಿ ರಾಧಾಬಾಯಿಯವರೂ ಆ ಬಂಜರಿನಲ್ಲಿಯೇ ಸಂಸಾರ ಹೂಡಿದರು. ಕಾರ್ಖಾನೆಯ ಚರಿತ್ರೆ ಬರೆಯುವಾಗ ಗಂಡಸರ ಹೆಸರುಗಳೇ ಮುಂದೆ ಬರುತ್ತವೆ. ಆಯ್ದಕ್ಕಿ ಮಾರಯ್ಯನವರ ಹಿಂದೆ ಲಕ್ಕಮ್ಮನವರಿದ್ದುದನ್ನು ಬಲ್ಲ ನಾವು ಈ ತಾಯಿಯನ್ನು ಮರೆಯಬಾರದು.

ಹೀಗೆ ಹುಟ್ಟಿದ ಊರೇ ಕಿರ್ಲೋಸ್ಕರವಾಡಿ. ಇಂದು ಅದು ಮಹಾರಾಷ್ಟ್ರದ ಸಾಂಗಲಿ ಜಿಲ್ಲೆಯಲ್ಲಿದೆ. ಅಲ್ಲಿ ಮನೆಗಳ ಸಾಲು, ಶಾಲೆ, ಬೀದಿಯ ಎರಡೂ ಬದಿಗೆ ಮರಗಳು ಕಾರ್ಖಾನೆಯ ಜೊತೆಗೇ ಬೆಳೆದವು. ನೆರಳಿಲ್ಲದ ಊರಿನಲ್ಲಿ ದುಡಿಮೆ ನಿಲ್ಲದೆಂದು ಅವರು ಬಲ್ಲವರಾಗಿದ್ದರು. ಅದಕ್ಕಿಂತ ಮುಖ್ಯವಾದದ್ದು ಅವರು ಮನುಷ್ಯರನ್ನು ಕಂಡ ಬಗೆ. ಅಸ್ಪೃಶ್ಯತೆಗೆ ಆ ಊರಿನಲ್ಲಿ ಎಡೆಗೊಡಲಿಲ್ಲ. ಜೈಲುಶಿಕ್ಷೆ ಅನುಭವಿಸಿ ಬಂದವರನ್ನು ಊರಿನ ರಾತ್ರಿಯ ಕಾವಲಿಗೆ ನೇಮಿಸಿದರು. ಸಮಾಜ ಕಳ್ಳನೆಂದು ದೂರವಿಟ್ಟವನ ಕೈಗೆ ಬೀಗದ ಕೈ ಕೊಟ್ಟು, ನಂಬಿಕೆಯಿಂದಲೇ ಅವನನ್ನು ನಂಬಿಕಸ್ಥನನ್ನಾಗಿ ಮಾಡಿದ ಧೈರ್ಯವದು. ಮಾದಾರ, ಮಡಿವಾಳ, ಮೇದಾರ, ಹಡಪದರೆಲ್ಲ ಒಂದೇ ಅನುಭವ ಮಂಟಪದಲ್ಲಿ ಕುಳಿತ ಕಥೆಯನ್ನು ಬಾಲ್ಯದಿಂದ ಕೇಳಿದವರಿಗೆ ಇದರ ಬೆಲೆ ವಿವರಿಸಬೇಕಾಗಿಲ್ಲ. ಅದನ್ನು ತಮ್ಮ ತೋಟದ ಲೈನುಮನೆಗಳಲ್ಲಿ, ಅಂಗಡಿಗಳಲ್ಲಿ ಎಷ್ಟುಮಟ್ಟಿಗೆ ನಡೆಸುತ್ತಿದ್ದೇವೆ ಎಂದು ನಾವೆಲ್ಲರೂ ಕೇಳಿಕೊಳ್ಳಬೇಕು.

ನೇಗಿಲಿನ ಜೊತೆಗೆ ಕಬ್ಬಿನ ಗಾಣ, ಮೇವಿನ ಯಂತ್ರಗಳು ಅಲ್ಲಿಂದ ಹೊರಬಂದವು. ಮೊದಲ ಮಹಾಯುದ್ಧದ ಕಾಲದಲ್ಲಿ ಕಬ್ಬಿಣಕ್ಕೂ ಕಲ್ಲಿದ್ದಲಿಗೂ ಬರ ಬಂದಾಗ ಹೇಗೋ ಕುಲುಮೆ ಆರದಂತೆ ನೋಡಿಕೊಂಡರು. 1920ರಲ್ಲಿ ಕಿರ್ಲೋಸ್ಕರ ಬ್ರದರ್ಸ್ ಲಿಮಿಟೆಡ್ ಕಂಪನಿಯಾಗಿ ನೋಂದಣಿಯಾಯಿತು. ಅದೇ ವರ್ಷ ಅಲ್ಲಿಂದ ಒಂದು ಪತ್ರಿಕೆಯೂ ಹೊರಟಿತು. ಮುಂದೆ ಸ್ತ್ರೀಯರಿಗಾಗಿಯೇ ಮತ್ತೊಂದು ಮಾಸಿಕ ಬಂದು, ಮರಾಠಿ ಮನೆಗಳಲ್ಲಿ ಸುಧಾರಣೆಯ ವಿಚಾರಗಳನ್ನು ಹರಡಿತು. ಮಗ ಶಂತನುರಾಯರು ಅಮೆರಿಕೆಯ ಮೆಸಾಚುಸೆಟ್ಸ್‌ನಲ್ಲಿ ಎಂಜಿನಿಯರಿಂಗ್ ಓದಿ 1926ರಲ್ಲಿ ಮರಳಿದರು. ಆ ಹೊತ್ತಿಗೆ ಕಾರ್ಖಾನೆ ನೀರೆತ್ತುವ ಪಂಪುಗಳತ್ತ ತಿರುಗಿತ್ತು. ಎತ್ತಿನ ಕಪಿಲೆಯಿಂದ ನೀರೆತ್ತುತ್ತಿದ್ದ ಬಯಲುಸೀಮೆಯ ರೈತನಿಗೆ ಪಂಪು ಮತ್ತು ಎಂಜಿನ್ ಎರಡನೆಯ ನೇಗಿಲಾಗಿ ಬಂದವು. ನಮ್ಮ ಮಲೆನಾಡಿನ ತೋಟಗಳಿಗೂ ಆ ಹೆಸರು ಹೊಸದಲ್ಲ. ಮಾರ್ಚ್ ತಿಂಗಳಲ್ಲಿ ಹೂಮಳೆ ಕೈಕೊಟ್ಟಾಗ ಹಳ್ಳದ ಬದಿಯಲ್ಲಿ ಡೀಸೆಲ್ ಎಂಜಿನ್ ಇಟ್ಟು ಸ್ಪ್ರಿಂಕ್ಲರ್ ಹಾರಿಸಿ ಕಾಫಿಯ ಫಸಲು ಉಳಿಸಿಕೊಂಡ ಮನೆಗಳಲ್ಲಿ ಕಿರ್ಲೋಸ್ಕರ ಎಂಬುದು ಎಂಜಿನ್ನಿಗೇ ಇನ್ನೊಂದು ಹೆಸರಿನಂತೆ ಬಳಕೆಯಾಗಿದೆ.

ತುಂಗಭದ್ರೆಯ ದಂಡೆಯ ಯಂತ್ರಾಪುರ

ಬಾಳೆಹೊನ್ನೂರಿನ ಪಕ್ಕದಲ್ಲಿ ಹರಿಯುವ ನಮ್ಮ ಭದ್ರೆ, ಲಕ್ಕವಳ್ಳಿಯನ್ನು ದಾಟಿ, ಭದ್ರಾವತಿಯ ಕಬ್ಬಿಣದ ಕಾರ್ಖಾನೆಯ ಊರನ್ನು ಹಾದು, ಕೂಡಲಿಯಲ್ಲಿ ಶೃಂಗೇರಿಯಿಂದ ಬಂದ ತುಂಗೆಯನ್ನು ಕೂಡಿ, ಹರಿಹರವನ್ನು ಸೇರುತ್ತದೆ. 1923ರಲ್ಲಿ ಉತ್ಪಾದನೆ ಆರಂಭಿಸಿದ ಭದ್ರಾವತಿಯ ಕುಲುಮೆಗೆ ಮೊದಲ ದಶಕಗಳಲ್ಲಿ ಇದ್ದಿಲನ್ನು ಕೊಟ್ಟದ್ದು ಮಲೆನಾಡಿನ ಕಾಡು. ಕಬ್ಬಿಣವನ್ನು ಕರಗಿಸುವ ಊರು ಆಯಿತು, ಇನ್ನು ಕಬ್ಬಿಣವನ್ನು ಕಡೆದು ಯಂತ್ರ ಮಾಡುವ ಊರು ಬೇಕಿತ್ತು. 1941ರಲ್ಲಿ ಹರಿಹರದಲ್ಲಿ ಮೈಸೂರು ಕಿರ್ಲೋಸ್ಕರ ಕಂಪನಿ ಸ್ಥಾಪನೆಗೊಂಡು ಆ ಕೊರತೆಯನ್ನು ತುಂಬಿತು. ಕಾರ್ಖಾನೆಯ ಸುತ್ತ ಬೆಳೆದ ಬಡಾವಣೆಗೆ ಯಂತ್ರಾಪುರವೆಂದೇ ಹೆಸರಾಯಿತು.

ಅಲ್ಲಿ ತಯಾರಾದದ್ದು ಮುಖ್ಯವಾಗಿ ಲೇತ್. ಯಂತ್ರವನ್ನು ಹೆರುವ ಯಂತ್ರವದು. ತಿರುಗುವ ಲೋಹಕ್ಕೆ ಉಳಿಯನ್ನು ಒತ್ತಿ ಬೇಕಾದ ಅಳತೆಗೆ ಕಡೆಯುವ ಲೇತ್ ಇಲ್ಲದೆ ಪಂಪಿನ ದಂಡವೂ ಇಲ್ಲ, ಎಂಜಿನ್ನಿನ ಕೊಳವೆಯೂ ಇಲ್ಲ. ಕೂದಲೆಳೆಯಷ್ಟು ಅಳತೆ ತಪ್ಪಿದರೂ ಒಂದು ಭಾಗ ಇನ್ನೊಂದಕ್ಕೆ ಕೂಡುವುದಿಲ್ಲ. ದಾವಣಗೆರೆ, ಹರಿಹರ, ರಾಣೆಬೆನ್ನೂರು ಸೀಮೆಯ ಒಕ್ಕಲುಮಕ್ಕಳು, ಅವರಲ್ಲಿ ನಮ್ಮ ಸಮಾಜದವರೂ ಸೇರಿದಂತೆ, ಆ ಅಳತೆಯ ಶಿಸ್ತನ್ನು ಅಲ್ಲಿ ಕಲಿತರು. 1946ರಲ್ಲಿ ಬೆಂಗಳೂರಿನಲ್ಲಿ ಕಿರ್ಲೋಸ್ಕರ ಎಲೆಕ್ಟ್ರಿಕ್ ಮತ್ತು ಪುಣೆಯಲ್ಲಿ ಕಿರ್ಲೋಸ್ಕರ ಆಯಿಲ್ ಎಂಜಿನ್ಸ್ ಆರಂಭವಾದವು. ನೇಗಿಲಿನಿಂದ ಹೊರಟ ಕಾಯಕ ವಿದ್ಯುತ್ ಮೋಟಾರಿನವರೆಗೆ ಬಂದಿತ್ತು.

ಬೆಂಕಿಯ ದಿನ

ಎಪ್ಪತ್ತೆಂಟು ದಾಟಿದ ವಯಸ್ಸಿನಲ್ಲಿ ಲಕ್ಷ್ಮಣರಾಯರಿಗೆ ಕಡೆಯ ಪರೀಕ್ಷೆ ಬಂತು. 1948ರ ಜನವರಿ 30ರಂದು ಮಹಾತ್ಮ ಗಾಂಧಿಯವರ ಹತ್ಯೆಯಾಯಿತು. ಹತ್ಯೆ ಮಾಡಿದವನ ಜಾತಿಯ ಕಾರಣದಿಂದ ದಕ್ಷಿಣ ಮಹಾರಾಷ್ಟ್ರದಲ್ಲಿ ಬ್ರಾಹ್ಮಣರ ಮನೆ, ಆಸ್ತಿಗಳ ಮೇಲೆ ದಾಳಿಗಳು ನಡೆದವು. ಯಾವ ಊರಿನಲ್ಲಿ ಜಾತಿಯನ್ನು ದೂರವಿಡಲು ಅವರು ಬಾಳಿಡೀ ಯತ್ನಿಸಿದ್ದರೋ ಆ ಕಿರ್ಲೋಸ್ಕರವಾಡಿಗೇ ಗುಂಪು ನುಗ್ಗಿ ಕಾರ್ಖಾನೆಗೆ ಬೆಂಕಿಯಿಟ್ಟಿತು. ನಾಲ್ಕು ದಶಕಗಳ ದುಡಿಮೆ ಹೊಗೆಯಾಡುವುದನ್ನು ಕಾಣಬೇಕಾದ ವೃದ್ಧನ ಅಂತರಂಗದಲ್ಲಿ ಏನು ನಡೆದಿತ್ತೆಂದು ಊಹಿಸುವುದು ನಮ್ಮ ಕೆಲಸವಲ್ಲ. ಆದರೆ ಆ ಮೇಲೆ ನಡೆದದ್ದು ಎಲ್ಲರಿಗೂ ಗೊತ್ತು. ಕಾರ್ಖಾನೆಯನ್ನು ಮತ್ತೆ ಕಟ್ಟಲಾಯಿತು. ಅದು ಇಂದಿಗೂ ಪಂಪುಗಳನ್ನು ತಯಾರಿಸುತ್ತಿದೆ. ಲಕ್ಷ್ಮಣರಾಯರು 1956ರ ಸೆಪ್ಟೆಂಬರ್ 26ರಂದು ಕಾಲವಶರಾದರು. ಅವರ ಜನ್ಮಶತಾಬ್ದಿಯ ವರ್ಷವಾದ 1969ರಲ್ಲಿ ಅಂಚೆ ಇಲಾಖೆ ಅವರ ನೆನಪಿನ ಅಂಚೆಚೀಟಿಯನ್ನು ಹೊರತಂದಿತು.

ಹರಿಹರದ ಕಥೆಯ ಉತ್ತರಾರ್ಧವನ್ನೂ ಹೇಳದಿದ್ದರೆ ನಾವು ಅರ್ಧಸತ್ಯವನ್ನು ಹೇಳಿದಂತಾಗುತ್ತದೆ. ಅವರು ಹೋಗಿ ಅರ್ಧ ಶತಮಾನ ಕಳೆಯುವಷ್ಟರಲ್ಲಿ ಮೈಸೂರು ಕಿರ್ಲೋಸ್ಕರ ಕಾರ್ಖಾನೆ ಮುಚ್ಚಿತು. ಎಷ್ಟೋ ಮನೆಗಳ ಅನ್ನದ ದಾರಿ ಕಡಿದುಹೋಯಿತು. ಕಂಪನಿ ಎಂಬುದು ಮನುಷ್ಯ ಕಟ್ಟಿದ ದೇಹ. ಹುಟ್ಟಿದ್ದಕ್ಕೆಲ್ಲ ಅಳಿವಿದೆ. ಆದರೆ ಅಲ್ಲಿ ಕಲಿತ ಕೈಗಳ ವಿದ್ಯೆ ಬೀಗ ಹಾಕಿದ ದಿನ ಅಳಿಯಲಿಲ್ಲ. ಸ್ಥಾವರ ಅಳಿದರೂ ಜಂಗಮ ಉಳಿಯುತ್ತದೆಂಬ ಶರಣರ ಕಾಣ್ಕೆಗೆ ಇದಕ್ಕಿಂತ ಹತ್ತಿರದ ಉದಾಹರಣೆ ಬೇಕಿಲ್ಲ. ಯಂತ್ರಾಪುರದ ಗೋಡೆ ಸ್ಥಾವರ, ಕೈಯಿಂದ ಕೈಗೆ ಸಾಗಿದ ಕಸುಬು ಜಂಗಮ.

ನಮಗೆ ಉಳಿದಿರುವ ಕೆಲಸ

ಲಕ್ಷ್ಮಣರಾಯರು ನೇಗಿಲು ಮಾಡುತ್ತಿದ್ದ ಕಾಲದಲ್ಲಿಯೇ ನಮ್ಮ ಸಮಾಜದ ಹಿರಿಯರು ವಿದ್ಯಾದಾನಕ್ಕೆ ಟೊಂಕ ಕಟ್ಟಿದರು. 1916ರಲ್ಲಿ ಬೆಳಗಾವಿಯಲ್ಲಿ ಕರ್ನಾಟಕ ಲಿಂಗಾಯತ ಶಿಕ್ಷಣ ಸಂಸ್ಥೆ ಹುಟ್ಟಿತು. ವಿಜಯಪುರದಲ್ಲಿ ಫ. ಗು. ಹಳಕಟ್ಟಿಯವರು 1912ರಲ್ಲಿ ಸಹಕಾರಿ ಬ್ಯಾಂಕನ್ನು ಕಟ್ಟಿದರು. ವಚನಗಳನ್ನು ಅಚ್ಚು ಹಾಕಲು ಮುಂದೆ ಸ್ವಂತ ಮುದ್ರಣಾಲಯವನ್ನೇ ತೆರೆದರು. ಹಳಕಟ್ಟಿಯವರಿಗೆ ಸಂಶೋಧನೆ ಬೇರೆ, ಅಚ್ಚಿನ ಮೊಳೆ ಬೇರೆ ಎನಿಸಲಿಲ್ಲ. ಆ ಹಿರಿಯರು ವಿದ್ಯೆಯನ್ನು ಕೊಟ್ಟದ್ದು ಮಕ್ಕಳು ಕೈಕೆಲಸದಿಂದ ದೂರ ಓಡಲೆಂದಲ್ಲ.

ನಮ್ಮ ಭಾಗದ ಅಡಿಕೆ ಬೆಳೆಗಾರರು ಕಳೆದ ಕೆಲವು ದಶಕಗಳಲ್ಲಿ ಕಂಡ ಬದಲಾವಣೆಯನ್ನೇ ನೋಡೋಣ. ಮೆಟ್ಟುಗತ್ತಿಯ ಮುಂದೆ ರಾತ್ರಿಯಿಡೀ ಕುಳಿತು ಅಡಿಕೆ ಸುಲಿಯುತ್ತಿದ್ದ ಕೈಗಳು ಸಾಲದೆ ಬಂದಾಗ ಸುಲಿಯುವ ಯಂತ್ರ ಬಂತು. ಅದು ಬಂದದ್ದು ಪರದೇಶದಿಂದಲ್ಲ, ಬಹುಮಟ್ಟಿಗೆ ಅಡಿಕೆ ಬೆಳೆಯುವ ಸೀಮೆಗಳ ಚಿಕ್ಕಪುಟ್ಟ ವರ್ಕ್‌ಶಾಪುಗಳಿಂದ. ಅಡಿಕೆಯ ಗಾತ್ರ, ಸಿಪ್ಪೆಯ ಹಸಿ, ಸುಲಿಯುವವನ ಕಷ್ಟ ಇವನ್ನು ಬಲ್ಲವನೇ ಅದನ್ನು ಮಾಡಬಲ್ಲವನಾದ. ಕೊಳೆರೋಗಕ್ಕೆ ಔಷಧಿ ಹೊಡೆಯಲು ಮರವೇರುವವರು ಸಿಗುತ್ತಿಲ್ಲ, ಕಾಫಿ ಕೊಯ್ಯಲು ಆಳಿಲ್ಲ, ಮಳೆಗಾಲದಲ್ಲಿ ಅಡಿಕೆ ಒಣಗಿಸುವುದು ಕಷ್ಟ. ಈ ಪ್ರಶ್ನೆಗಳಿಗೆ ಉತ್ತರ ಹುಡುಕಬೇಕಾದವರು ಬಸರೀಕಟ್ಟೆಯ ತೋಟದಲ್ಲಿ ಬೆಳೆದ ಮಕ್ಕಳಲ್ಲದೆ ಮತ್ತಾರು? ಲಕ್ಷ್ಮಣರಾಯರು ಆರಂಭಿಸಿದ್ದೂ ತಮ್ಮ ಸುತ್ತಲಿನ ರೈತನ ಬವಣೆಯಿಂದಲೇ.

ಆದ್ದರಿಂದ ತಂದೆತಾಯಿಗಳಲ್ಲಿ ನಮ್ಮ ವಿನಂತಿ ಇಷ್ಟೇ. ಐಟಿಐ ಸೇರಿದ ಮಗನನ್ನೂ ಡಿಪ್ಲೊಮಾ ಓದುವ ಮಗಳನ್ನೂ ನಾಲ್ಕು ಜನರ ಮುಂದೆ ಹೆಮ್ಮೆಯಿಂದ ಪರಿಚಯಿಸಿರಿ. ಒಂದು ಲೇತ್, ಒಂದು ವೆಲ್ಡಿಂಗ್ ಯಂತ್ರ ಇಟ್ಟುಕೊಂಡು ಊರಿನಲ್ಲಿಯೇ ನಿಲ್ಲುತ್ತೇನೆಂದು ಹುಡುಗನೊಬ್ಬ ಮುಂದೆ ಬಂದರೆ ಅವನಿಗೆ ಹೆಣ್ಣು ಕೊಡಲು ಹಿಂಜರಿಯದಿರಿ. ಉಳ್ಳವರು ಅಂಥವನಿಗೆ ಔಂಧದ ಅರಸರಂತೆ ಒಂದಷ್ಟು ಜಾಗ, ಒಂದಷ್ಟು ಬಂಡವಾಳ, ಎಲ್ಲಕ್ಕಿಂತ ಹೆಚ್ಚಾಗಿ ವಿಶ್ವಾಸವನ್ನು ಕೊಡಿರಿ. ಮೊದಲ ಎರಡು ವರ್ಷ ಅವನ ನೇಗಿಲು ಮಾರಾಟವಾಗದಿರಬಹುದು, ತಾಳ್ಮೆಗೆಡದಿರಿ. ಯುವಕರು ಗಳಿಸಿದ ಮೇಲೆ ದುಡಿಯುವವರನ್ನು ಮರೆಯದಿರಲಿ. ಬೇಕಾದುದಕ್ಕಿಂತ ಹೆಚ್ಚು ತಂದ ಅಕ್ಕಿಯನ್ನು ಲಕ್ಕಮ್ಮನವರು ಮರಳಿ ಸುರಿದುಬರಲು ಹೇಳಿದ ಕಥೆ, ಗಳಿಕೆಯ ಮಿತಿಯನ್ನು ಇಂದಿನ ಉದ್ಯಮಿಗೂ ತಿಳಿಸುತ್ತದೆ.

ಲಕ್ಷ್ಮಣರಾವ್ ಕಿರ್ಲೋಸ್ಕರರು ಗುಡಿ ಕಟ್ಟಿಸಿ ಹೆಸರಾದವರಲ್ಲ. ಬಂಜರು ನೆಲದಲ್ಲಿ ಬೆವರು ಸುರಿಸಿ ಸಾವಿರಾರು ಮನೆಗಳ ಒಲೆ ಉರಿಯುವಂತೆ ಮಾಡಿದವರು. ಅಂಥ ಕಾಯಕಜೀವಿಗಳು ನಮ್ಮ ಮಲೆನಾಡಿನ ಮಡಿಲಿನಲ್ಲಿಯೂ ಹುಟ್ಟಿ ಬೆಳೆಯಲೆಂದು ಶ್ರೀಗುರುವಿನಲ್ಲಿ ಪ್ರಾರ್ಥಿಸುತ್ತೇವೆ.